ಒಂದು ಊರಿಗೆ ಒಂದು ದಿನ

ಹಿಂದಿನ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬ ಒಂದು ಪಟ್ಟಿಯನ್ನು ಕಳುಹಿಸಿಕೊಟ್ಟ. ಅವನೀಗ ನಮ್ಮ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ಡಿಸೆಂಬರಿನಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯಬೇಕಂತೆ. "ಸಾರ್, ಒಮ್ಮೆ ಕಣ್ಣಾಡಿಸಿ ತಿದ್ದಿಕೊಡಿ" ಎಂದು ಬರೆದಿದ್ದ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೇಲುಕೋಟೆ, ಶ್ರೀರಂಗಪಟ್ಟಣ, ಮೈಸೂರಿನ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಬೃಂದಾವನ. ಎರಡು ಹಗಲು, ಒಂದು ರಾತ್ರಿ, ಒಂಬತ್ತು ಸ್ಥಳ. ಹಳೇಬೀಡಿಗೆ ನಲವತ್ತು ನಿಮಿಷ ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು.

ಆ ಪಟ್ಟಿಯನ್ನು ನೋಡಿ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಏಕೆಂದರೆ ಅದು ಅವನು ಮಾಡಿದ ಪಟ್ಟಿಯಲ್ಲ, ನಾನು ಮಾಡಿದ್ದು. 1986ರ ಜನವರಿಯಲ್ಲಿ ನಾನು ಇದೇ ಸ್ಥಳಗಳಿಗೆ ಸೋಮನಾಥಪುರವನ್ನೂ ಸೇರಿಸಿ, ಮೂರು ದಿನಗಳಲ್ಲಿ, ಒಂದು ಬಸ್ಸಿನ ತುಂಬ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಆ ಬಸ್ಸಿನಲ್ಲಿ ಅವನೂ ಇದ್ದ. ಗುರು ಕಲಿಸಿದ್ದನ್ನು ಶಿಷ್ಯ ಮರೆತಿಲ್ಲ. ಸಾಲದ್ದಕ್ಕೆ ಒಂದು ದಿನವನ್ನು ಉಳಿತಾಯ ಬೇರೆ ಮಾಡಿದ್ದಾನೆ!

ಈ ಬಗೆಯ ಪ್ರವಾಸದ ವಿಷಯದಲ್ಲಿ ನನ್ನ ಅಭಿಪ್ರಾಯ ಈಗ ಸಂಪೂರ್ಣವಾಗಿ ಬದಲಾಗಿದೆ. ಅದು ಬದಲಾದದ್ದು ಪುಸ್ತಕ ಓದಿ ಅಲ್ಲ, ನನ್ನ ಶ್ರೀಮತಿಯ ಮಂಡಿನೋವಿನಿಂದ. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

2023ರ ಜೂನ್ ತಿಂಗಳಿನಲ್ಲಿ ನಾವಿಬ್ಬರೂ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯ ಬಹಳ ಉತ್ಸಾಹಿ, ಅಚ್ಚುಕಟ್ಟಿನ ಮನುಷ್ಯ. ನಮಗಾಗಿ ಒಂದು ದಿನದ ಬಸ್ ಪ್ರವಾಸವನ್ನು ಗುರುತು ಮಾಡಿಟ್ಟಿದ್ದರು. ಬೆಳಿಗ್ಗೆ ಸ್ಟೋನ್‌ಹೆಂಜಿನ ಕಲ್ಲುಗಳು, ಮಧ್ಯಾಹ್ನ ಬಾತ್ ನಗರ, ಸಂಜೆ ಕಾಟ್ಸ್‌ವೋಲ್ಡ್ ಪ್ರಾಂತದ ಹಳ್ಳಿಗಳು, ರಾತ್ರಿ ಮನೆ. ಬಾತ್ ನಗರಕ್ಕೆ ಸಿಗುವುದು ಒಂದೂವರೆ ಗಂಟೆ. ನನ್ನ ಶ್ರೀಮತಿ ಎಲ್ಲವನ್ನೂ ಸಾವಧಾನವಾಗಿ ಕೇಳಿ, "ನೋಡಿ ಅಳಿಯಂದಿರೇ, ನನ್ನ ಮಂಡಿ ದಿನಕ್ಕೆ ಒಂದೇ ಊರಿಗೆ ಒಪ್ಪುವುದು. ಬಸ್ಸು ಹತ್ತಿ ಇಳಿಯುವುದೇ ಆದರೆ ನಾನು ಮನೆಯಲ್ಲೇ ಇರುತ್ತೇನೆ, ನೀವು ನಿಮ್ಮ ಮಾವನನ್ನು ಕರೆದುಕೊಂಡು ಹೋಗಿ" ಎಂದಳು. ನನಗೆ ಒಳಗೊಳಗೇ ಅಸಮಾಧಾನ. ಸ್ಟೋನ್‌ಹೆಂಜಿನ ಚಿತ್ರವನ್ನು ಎಷ್ಟು ವರ್ಷ ಮಕ್ಕಳಿಗೆ ತೋರಿಸಿದ್ದೇನೆ! ಆದರೆ ನಲವತ್ತಾರು ವರ್ಷಗಳ ಸಂಸಾರದಲ್ಲಿ ಕಲಿತ ಪಾಠವೂ ಒಂದಿದೆ. ಬಾಯಿ ಮುಚ್ಚಿಕೊಂಡೆ. ಕೊನೆಗೆ ನಾವಿಬ್ಬರೇ ಬೆಳಗಿನ ರೈಲಿನಲ್ಲಿ ಬಾತ್‌ಗೆ ಹೋಗುವುದೆಂದು ತೀರ್ಮಾನವಾಯಿತು. ರೆಡಿಂಗಿನಿಂದ ನೇರ ರೈಲು, ಸುಮಾರು ಒಂದು ಗಂಟೆಯ ದಾರಿ. ಮಗಳು ಒಂದು ಡಬ್ಬಿಯಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಮೊಸರನ್ನ ಕಟ್ಟಿಕೊಟ್ಟಳು.

ಬಾತ್ ಎಂದರೆ ಸ್ನಾನ. ಊರಿಗೆ ಹೆಸರು ಬಂದದ್ದೇ ಅಲ್ಲಿನ ಬಿಸಿನೀರಿನ ಬುಗ್ಗೆಗಳಿಂದ. ಬಿಸಿನೀರಿನ ಬುಗ್ಗೆ ನಮಗೇನೂ ಹೊಸದಲ್ಲ. ಪುತ್ತೂರಿನ ಹತ್ತಿರದ ಇರ್ದೆಯಲ್ಲಿ ಬೆಂದ್ರುತೀರ್ಥವಿದೆ; ಬದರಿಗೆ ಹೋದವರು ತಪ್ತಕುಂಡದಲ್ಲಿ ಮಿಂದೇ ನಾರಾಯಣನ ದರ್ಶನಕ್ಕೆ ಹೋಗುವುದು. ಬಾತ್‌ನಲ್ಲಿಯೂ ಹಾಗೆಯೇ. ಅಲ್ಲಿನ ಮೂಲ ನಿವಾಸಿಗಳಾದ ಕೆಲ್ಟರು ಆ ಬುಗ್ಗೆಯಲ್ಲಿ ಸುಲಿಸ್ ಎಂಬ ದೇವಿ ನೆಲೆಸಿದ್ದಾಳೆಂದು ನಂಬಿದ್ದರು. ಆಮೇಲೆ ಬಂದ ರೋಮನರು ಆ ದೇವಿಯನ್ನು ಓಡಿಸಲಿಲ್ಲ. ತಮ್ಮ ಮಿನರ್ವಾ ದೇವಿಯೊಡನೆ ಅವಳನ್ನು ಸೇರಿಸಿ ಸುಲಿಸ್ ಮಿನರ್ವಾ ಎಂದು ಕರೆದು ಗುಡಿ ಕಟ್ಟಿದರು, ಊರನ್ನು ಸುಲಿಸಳ ನೀರು ಎಂಬ ಅರ್ಥದಲ್ಲಿ ಅಕ್ವೇ ಸುಲಿಸ್ ಎಂದು ಕರೆದರು. ಗ್ರಾಮದೇವತೆಗೆ ಪುರಾಣದ ದೊಡ್ಡ ದೇವಿಯ ಹೆಸರನ್ನು ಜೋಡಿಸಿ ಪೂಜೆ ಮುಂದುವರಿಸುವ ಈ ಕ್ರಮವನ್ನು ನಮ್ಮ ಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ರೋಮನ್ ಸ್ನಾನಗೃಹವನ್ನು ಈಗ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಟಿಕೆಟ್ಟಿನ ದರವನ್ನು ರೂಪಾಯಿಗೆ ಪರಿವರ್ತಿಸಿ ಲೆಕ್ಕ ಹಾಕಬೇಡಿರೆಂದು ಮಗಳು ಮೊದಲೇ ಎಚ್ಚರಿಸಿದ್ದಳು. ನಾನು ಹಾಕಿದೆ. ಹಾಕಿದ ಮೇಲೆ, ಕೊಟ್ಟ ದುಡ್ಡಿಗೆ ನ್ಯಾಯವಾಗಬೇಕಾದರೆ ಮಧ್ಯಾಹ್ನದವರೆಗೆ ಹೊರಗೆ ಬರಬಾರದೆಂದು ನಿರ್ಧರಿಸಿದೆ. ನಿಧಾನದ ಮೊದಲ ಪಾಠ ಹೀಗೆ ಜಿಪುಣತನದಿಂದಲೇ ಆರಂಭವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಒಳಗೆ ಹೋಗುವಾಗ ಕಿವಿಗೆ ಹಿಡಿದು ಕೇಳುವ ಒಂದು ಯಂತ್ರವನ್ನು ಕೊಡುತ್ತಾರೆ. ಹಲವು ಭಾಷೆಗಳಲ್ಲಿ ವಿವರಣೆಯಿದೆ, ಕನ್ನಡದಲ್ಲಿಲ್ಲ. ನಾನು ಕೇಳಿ ಕೇಳಿ ಶ್ರೀಮತಿಗೆ ಕನ್ನಡದಲ್ಲಿ ಹೇಳತೊಡಗಿದೆ. ಹತ್ತು ನಿಮಿಷವಾದ ಮೇಲೆ ಅವಳು, "ರೀ, ನನಗೆ ಸುಮ್ಮನೆ ನೋಡಲು ಬಿಡಿ" ಎಂದಳು. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಇದು ಕೇಳಲು ಹಿತವಾದ ಮಾತಲ್ಲ. ಆದರೆ ಆ ದಿನ ನನಗೆ ದೊರೆತ ಅತ್ಯುತ್ತಮ ಸಲಹೆ ಅದೇ.

ಅವಳು ಹೋಗಿ ಕುಳಿತದ್ದು ಮೂಲ ಬುಗ್ಗೆಯು ಕಾಣುವ ಕಿಟಕಿಯ ಪಕ್ಕದಲ್ಲಿ. ನಾನೂ ಪಕ್ಕದಲ್ಲಿ ಕುಳಿತೆ. ಹಬೆಯಾಡುವ ಹಸಿರು ನೀರು. ಅಲ್ಲಲ್ಲಿ ತಳದಿಂದ ಗುಳ್ಳೆಗಳು ಎದ್ದು ಬಂದು ಒಡೆಯುತ್ತವೆ. ಕಬ್ಬಿಣದ ಅಂಶದಿಂದಾಗಿ ಗೋಡೆಯ ಕಲ್ಲಿನಲ್ಲಿ ಕಾವಿಯ ಬಣ್ಣದ ಕಲೆ. ದಿನವೊಂದಕ್ಕೆ ಸುಮಾರು 11.7 ಲಕ್ಷ ಲೀಟರ್ ನೀರು, 46 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಯಾವ ಪಂಪೂ ಇಲ್ಲದೆ ತಾನಾಗಿಯೇ ಮೇಲೇರಿ ಬರುತ್ತದೆ. ಇದು ಸಾವಿರಾರು ವರ್ಷಗಳ ಹಿಂದೆ ಮೆಂಡಿಪ್ ಬೆಟ್ಟಗಳ ಮೇಲೆ ಸುರಿದ ಮಳೆಯ ನೀರೆಂದೂ, ಸುಣ್ಣಕಲ್ಲಿನ ಪದರಗಳಲ್ಲಿ ಎರಡು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಭೂಮಿಯೊಳಗಿನ ಶಾಖಕ್ಕೆ ಕಾದು, ಬಿರುಕುಗಳ ಮೂಲಕ ಮೇಲೆ ಬರುತ್ತಿದೆಯೆಂದೂ ವಿಜ್ಞಾನಿಗಳು ಹೇಳುತ್ತಾರೆ. ನಾನು ಈ ಅಂಕಿಅಂಶಗಳನ್ನು ಮನಸ್ಸಿನಲ್ಲಿ ಉರು ಹೊಡೆಯುತ್ತಿದ್ದಾಗ ಅವಳು ಹೇಳಿದಳು: "ಒಂದೇ ಕಡೆ ಬರುವುದಿಲ್ಲ ನೋಡಿ ಗುಳ್ಳೆ. ಅಲ್ಲಿ ಸ್ವಲ್ಪ ಹೊತ್ತು, ಆಮೇಲೆ ಇಲ್ಲಿ. ನಮ್ಮ ಹಂಡೆಯಲ್ಲಿ ನೀರು ಕುದಿಯುವ ಮೊದಲು ಹೀಗೇ ಅಲ್ಲವೇ?" ಆದರೆ ಇದು ಕುದಿತದ ಗುಳ್ಳೆಯಲ್ಲ, ನೀರಿನೊಡನೆ ಬರುವ ಅನಿಲದ ಗುಳ್ಳೆ ಎಂದು ನಾನು ತಿದ್ದಿದೆ. ತಿದ್ದಿದ ಮೇಲೆ ನಾನೂ ನೋಡಿದೆ. ಅವಳು ಹೇಳಿದ ಹಾಗೆಯೇ ಗುಳ್ಳೆಗಳು ಜಾಗ ಬದಲಾಯಿಸುತ್ತಿದ್ದವು. ಯಂತ್ರದಲ್ಲಿ ಅದನ್ನು ಹೇಳಿರಲಿಲ್ಲ.

ನಾವು ಹಾಗೆ ಕುಳಿತಿದ್ದ ಅರ್ಧ ಗಂಟೆಯಲ್ಲಿ ಒಂದು ಪ್ರವಾಸಿ ತಂಡ ಬಂದಿತು. ಮುಂದೆ ಒಬ್ಬ ಮಾರ್ಗದರ್ಶಿ, ಕೈಯಲ್ಲಿ ಎತ್ತಿ ಹಿಡಿದ ಮಡಿಸಿದ ಹಳದಿ ಕೊಡೆ. ನಲವತ್ತು ಜನರಿರಬಹುದು. ಕಿಟಕಿಯ ಮುಂದೆ ನಿಂತರು, ಎರಡು ವಾಕ್ಯ ಕೇಳಿದರು, ಕೈ ಚಾಚಿ ಫೋಟೋ ತೆಗೆದರು. ಒಂದು ಚಿಕ್ಕ ಹುಡುಗಿ ಮಾತ್ರ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟಿದ್ದಳು. ಮಾರ್ಗದರ್ಶಿ ಚಪ್ಪಾಳೆ ತಟ್ಟಿದ. ತಾಯಿ ಬಂದು ಅವಳ ತೋಳು ಹಿಡಿದು ಕರೆದುಕೊಂಡು ಹೋದಳು. ಆ ಚಪ್ಪಾಳೆಯ ಸದ್ದಿಗೆ ನನಗೆ ಏನೋ ಚುಚ್ಚಿದಂತಾಯಿತು. ಯಾಕೆಂದು ಆಗ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಆ ಬುಗ್ಗೆಯೊಳಗಿಂದ ಹೊರತೆಗೆದ ವಸ್ತುಗಳನ್ನು ಇಟ್ಟಿದ್ದಾರೆ. ದೇವಿಗೆಂದು ಎಸೆದ 12,000ಕ್ಕೂ ಹೆಚ್ಚು ನಾಣ್ಯಗಳು ಸಿಕ್ಕಿವೆಯಂತೆ. ನಮ್ಮವರು ರೈಲಿನ ಕಿಟಕಿಯಿಂದ ಹೊಳೆಗೆ ಕಾಸು ಎಸೆಯುವುದು ನೆನಪಾಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೀಸ ಮತ್ತು ತವರದ ಸಣ್ಣ ಸಣ್ಣ ತಗಡುಗಳು. ಸುಮಾರು 130 ಸಿಕ್ಕಿವೆ. ಅವು ಶಾಪದ ಓಲೆಗಳು. ಸ್ನಾನಕ್ಕೆಂದು ಬಂದವರು ಬಟ್ಟೆ ಕಳಚಿಟ್ಟು ನೀರಿಗಿಳಿಯುತ್ತಾರೆ. ಮೇಲೆ ಬರುವಷ್ಟರಲ್ಲಿ ಮೇಲಂಗಿ ಮಾಯವಾಗಿರುತ್ತದೆ. ಪೊಲೀಸರಿಲ್ಲದ ಕಾಲ. ಕಳೆದುಕೊಂಡವನು ತಗಡಿನ ಮೇಲೆ ಲ್ಯಾಟಿನ್ ಭಾಷೆಯಲ್ಲಿ ದೇವಿಗೆ ದೂರು ಕೊರೆದು, ಮಡಿಸಿ, ನೀರಿಗೆ ಹಾಕುತ್ತಿದ್ದ. ಡೊಸಿಮೆಡಿಸ್ ಎಂಬುವನೊಬ್ಬ ಎರಡು ಕೈಗವಸುಗಳನ್ನು ಕಳೆದುಕೊಂಡು, ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬೇಡಿಕೊಂಡಿದ್ದಾನೆ. ಎರಡು ಕೈಗವಸುಗಳಿಗೆ ಎರಡು ಕಣ್ಣುಗಳು! ಕಳ್ಳ ಗಂಡಸೋ ಹೆಂಗಸೋ, ಒಡೆಯನೋ ಗುಲಾಮನೋ ಎಂದು ಕೆಲವರು ವಕೀಲರ ಹಾಗೆ ಎಲ್ಲ ಸಾಧ್ಯತೆಗಳನ್ನೂ ಸೇರಿಸಿ ಬರೆದಿದ್ದಾರೆ, ಯಾವ ಸಂದಿನಿಂದಲೂ ತಪ್ಪಿಸಿಕೊಳ್ಳಬಾರದೆಂದು.

ಇದನ್ನು ಕೇಳಿ ಶ್ರೀಮತಿ ಬಾಯಿಗೆ ಸೆರಗು ಅಡ್ಡವಿಟ್ಟುಕೊಂಡು ನಕ್ಕಳು. ನಮ್ಮಲ್ಲಿ ಸಾಲ ಕೊಟ್ಟವನೂ ತೆಗೆದುಕೊಂಡವನೂ ಜಗಳವಾಡಿ ಕೊನೆಗೆ "ಬಾ, ಧರ್ಮಸ್ಥಳದಲ್ಲಿ ಆಣೆ ಹಾಕು" ಎನ್ನುವುದಿಲ್ಲವೇ? ನನ್ನ ತರಗತಿಯಲ್ಲಿ ಜಾಮಿಟ್ರಿ ಪೆಟ್ಟಿಗೆ ಕಳೆದುಹೋದಾಗ ಒಬ್ಬ ಹುಡುಗ ಎರಡನೆಯ ಬೆಂಚಿನ ಮೇಲೆ ನಿಂತು, ಕದ್ದವನಿಗೆ ಗಣಿತದಲ್ಲಿ ಸೊನ್ನೆ ಬರಲಿ ಎಂದು ಶಾಪ ಕೊಟ್ಟಿದ್ದ. ಆ ವರ್ಷ ಗಣಿತದಲ್ಲಿ ನಪಾಸಾದವರ ಸಂಖ್ಯೆಯನ್ನು ನೋಡಿದರೆ ಅವನ ಶಾಪ ಅಗತ್ಯಕ್ಕಿಂತ ಹೆಚ್ಚಾಗಿಯೇ ತಗುಲಿತ್ತು. ರೋಮ್ ಸಾಮ್ರಾಜ್ಯವೆಂದರೆ ಸೀಸರ್, ಸೈನ್ಯ, ರಸ್ತೆ, ಪತನಕ್ಕೆ ಐದು ಕಾರಣಗಳು ಎಂದು ಬರೆಸುತ್ತಿದ್ದ ನನಗೆ, ಆ ಸಾಮ್ರಾಜ್ಯದ ಮೂಲೆಯೊಂದರಲ್ಲಿ ಚಳಿಯಲ್ಲಿ ಒದ್ದೆ ಮೈಯಲ್ಲಿ ನಿಂತು ಅಂಗಿ ಹುಡುಕುತ್ತಿದ್ದ ಮನುಷ್ಯನೊಬ್ಬ ಕಂಡದ್ದು ಅಂದೇ. ಒಂದೂವರೆ ಗಂಟೆಯ ಪ್ರವಾಸದಲ್ಲಿ ಬಂದಿದ್ದರೆ ನಾನು ಆ ತಗಡುಗಳನ್ನು ದಾಟಿಕೊಂಡು ದೊಡ್ಡ ಕೊಳದ ಫೋಟೋ ತೆಗೆಯಲು ಓಡುತ್ತಿದ್ದೆನೆಂಬುದರಲ್ಲಿ ಸಂಶಯವಿಲ್ಲ.

ದೊಡ್ಡ ಕೊಳವೂ ನೋಡತಕ್ಕದ್ದೇ. ತಳಕ್ಕೆ ರೋಮನರು ಹಾಸಿದ 45 ಸೀಸದ ಹಾಳೆಗಳು ಇನ್ನೂ ನೀರು ಹಿಡಿದುಕೊಂಡಿವೆ. ಮೇಲೆ ಸುತ್ತಲೂ ನಿಂತಿರುವ ರೋಮನ್ ಪ್ರತಿಮೆಗಳು ಮಾತ್ರ ರೋಮನರವಲ್ಲ, ಹತ್ತೊಂಬತ್ತನೆಯ ಶತಮಾನದ ಕೊನೆಯವು. ನೀರಿನ ಹಸಿರು ಬಣ್ಣವೂ ರೋಮನರ ಕಾಲದ್ದಲ್ಲ. ಆಗ ಮೇಲೆ ಛಾವಣಿಯಿತ್ತು, ಈಗ ಬಿಸಿಲು ಬಿದ್ದು ಪಾಚಿ ಬೆಳೆಯುತ್ತದೆ. ಶ್ರೀಮತಿಗೆ ಒಂದು ಬೊಗಸೆ ನೀರು ತಲೆಗೆ ಪ್ರೋಕ್ಷಿಸಿಕೊಳ್ಳುವ ಆಸೆ. ಮುಟ್ಟಬಾರದೆಂದು ಫಲಕ ಹಾಕಿದ್ದಾರೆ. 1978ರಲ್ಲಿ ಆ ನೀರಿನಲ್ಲಿ ಈಜಿದ ಬಾಲಕಿಯೊಬ್ಬಳು ಅಮೀಬಾದ ಸೋಂಕಿನಿಂದ ತೀರಿಕೊಂಡ ಮೇಲೆ ಅಲ್ಲಿ ಸ್ನಾನ ನಿಂತುಹೋಯಿತು. ಮುಂದೆ 2006ರಲ್ಲಿ, ಶುದ್ಧೀಕರಿಸಿದ ಬುಗ್ಗೆಯ ನೀರಿನಲ್ಲಿ ಮೀಯುವ ಹೊಸ ಸ್ನಾನಗೃಹ ಪಕ್ಕದಲ್ಲೇ ತೆರೆಯಿತು. ಅಲ್ಲಿಗೆ ಹೋಗಲು ಈಜುಡುಗೆ ಬೇಕು. ನನ್ನ ಶ್ರೀಮತಿಯ ಮುಂದೆ ಆ ಪ್ರಸ್ತಾಪವನ್ನೇ ನಾನು ಎತ್ತಲಿಲ್ಲ. ಹೊರಬರುವ ಮುನ್ನ ಶುದ್ಧೀಕರಿಸಿದ ನೀರನ್ನು ಕುಡಿದು ನೋಡಲು ಅವಕಾಶವಿದೆ. ಉಗುರುಬೆಚ್ಚಗೆ, ಕಬ್ಬಿಣದ ರುಚಿ. ಹದಿನೆಂಟನೆಯ ಶತಮಾನದ ಶ್ರೀಮಂತರು ಸಂಧಿವಾತಕ್ಕೆಂದು ಇದನ್ನು ಲೋಟಗಟ್ಟಲೆ ಕುಡಿಯುತ್ತಿದ್ದರಂತೆ. ಅವಳು ಒಂದು ಗುಟುಕು ತೀರ್ಥದಂತೆ ತೆಗೆದುಕೊಂಡು, ಉಳಿದ ಹನಿಯನ್ನು ತಲೆಗೆ ಸವರಿಕೊಂಡು, ಇನ್ನೊಂದು ಹನಿಯನ್ನು ಮಂಡಿಗೆ ಹಚ್ಚಿದಳು. ಗುಣವಾಯಿತೇ ಎಂದು ಕೇಳಬೇಡಿ.

ನದಿಯ ದಂಡೆಯ ಬೆಂಚಿನಲ್ಲಿ ಊಟ. ಎದುರಿಗೆ ಏವನ್ ನದಿ; ರಾಬರ್ಟ್ ಆಡಮ್ ರೂಪಿಸಿ 1774ರಲ್ಲಿ ಮುಗಿದ ಪುಲ್ಟ್ನಿ ಸೇತುವೆ, ಅದರ ಉದ್ದಕ್ಕೂ ಎರಡೂ ಬದಿ ಅಂಗಡಿಗಳು. ಸೇತುವೆಯ ಮೇಲೆ ನಡೆಯುವವನಿಗೆ ತಾನು ನದಿ ದಾಟುತ್ತಿದ್ದೇನೆಂದು ತಿಳಿಯುವುದೇ ಇಲ್ಲ. ಒಂದು ದಢೂತಿ ಕಡಲಹಕ್ಕಿ ಬಂದು ನಮ್ಮ ಚಿತ್ರಾನ್ನದ ಮೇಲೆ ಕಣ್ಣಿಟ್ಟು ಕುಳಿತಿತು. ಶಾಸ್ತ್ರಕ್ಕೊಂದು ತುತ್ತು ಇಟ್ಟೆವು, ನಮ್ಮೂರ ಕಾಗೆಗೆ ಇಡುವಂತೆ.

ಊಟದ ನಂತರ ಅಬ್ಬೆ ಎಂಬ ದೊಡ್ಡ ಇಗರ್ಜಿ. ಅದರ ಮುಂಭಾಗದ ಕಲ್ಲಿನಲ್ಲಿ ಸ್ವರ್ಗಕ್ಕೆ ಹಚ್ಚಿದ ಏಣಿಗಳು, ಹತ್ತುವ ದೇವದೂತರು. ಕೆಲವರು ತಲೆಕೆಳಗಾಗಿ ಇಳಿಯುತ್ತಿದ್ದಾರೆ. ಒಳಗೆ ಗೋಡೆಯ ತುಂಬ ಆರುನೂರಕ್ಕೂ ಹೆಚ್ಚು ಸ್ಮಾರಕ ಫಲಕಗಳು. ಆರೋಗ್ಯ ಸುಧಾರಿಸಿಕೊಳ್ಳಲು ಬಾತ್‌ಗೆ ಬಂದು ಅಲ್ಲಿಯೇ ತೀರಿಕೊಂಡವರು ಅಷ್ಟೊಂದು! ಊರಿನ ನೀರಿನ ಜಾಹೀರಾತಿಗೆ ಇದಕ್ಕಿಂತ ಪ್ರಾಮಾಣಿಕವಾದ ಟಿಪ್ಪಣಿ ಬೇರೆ ಬೇಕಿಲ್ಲ. ಓದುತ್ತ ಹೋದಂತೆ ಬಂಗಾಳ, ಮದರಾಸು ಎಂಬ ಹೆಸರುಗಳು ಕಣ್ಣಿಗೆ ಬಿದ್ದವು. ನಮ್ಮ ನಾಡಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಾಕರಿ ಮಾಡಿ, ಗಂಟು ಕಟ್ಟಿಕೊಂಡು ಹೋದ ಅನೇಕರು ಕೊನೆಗಾಲವನ್ನು ಕಳೆದದ್ದು ಈ ಊರಿನಲ್ಲಿಯೇ. ರಾಬರ್ಟ್ ಕ್ಲೈವ್ ಕೂಡ ಇಲ್ಲಿ ಮನೆ ಮಾಡಿದ್ದ. ಆ ಜೇನುಬಣ್ಣದ ಕಲ್ಲಿನ ಚೆಂದದ ಮನೆಗಳನ್ನು ನೋಡುವಾಗ, ಅದರಲ್ಲಿ ನಮ್ಮ ಪಾಲು ಎಷ್ಟು ಎಂದು ಒಂದು ಕ್ಷಣ ಮನಸ್ಸು ಕೇಳದೇ ಇರಲಿಲ್ಲ.

ಅನಂತರ ನ್ಯೂ ಕಿಂಗ್ ಸ್ಟ್ರೀಟಿನ 19ನೆಯ ನಂಬರಿನ ಮನೆ. 1781ರ ಮಾರ್ಚ್ 13ರ ರಾತ್ರಿ ಈ ಮನೆಯ ಹಿತ್ತಿಲಿನಿಂದಲೇ ವಿಲಿಯಂ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದದ್ದು. ವೃತ್ತಿಯಿಂದ ಆತ ಸಂಗೀತಗಾರ, ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದವನು. ಹಿತ್ತಿಲು ನಮ್ಮ ಹಳೆಯ ಬಾಡಿಗೆ ಮನೆಯ ಹಿತ್ತಿಲಿಗಿಂತ ದೊಡ್ಡದೇನಲ್ಲ. ದೂರದರ್ಶಕದ ಕನ್ನಡಿಯನ್ನು ಉಜ್ಜುವಾಗ ಗಂಟೆಗಟ್ಟಲೆ ಕೈ ತೆಗೆಯುವಂತಿರಲಿಲ್ಲವಾದ್ದರಿಂದ ತಂಗಿ ಕ್ಯಾರೊಲೈನ್ ಪಕ್ಕದಲ್ಲಿ ನಿಂತು ಅವನಿಗೆ ತುತ್ತು ತಿನ್ನಿಸುತ್ತಿದ್ದಳಂತೆ. ಕರಗಿಸಿದ ಲೋಹ ಅಚ್ಚಿನಿಂದ ಚೆಲ್ಲಿ ಸೀಳಿದ ನೆಲದ ಚಪ್ಪಡಿಗಳನ್ನು ಹಾಗೆಯೇ ಉಳಿಸಿದ್ದಾರೆ. "ಯುರೇನಸ್ ಕಂಡುಹಿಡಿದವರು ಯಾರು? ಒಂದು ಅಂಕ" ಎಂದು ನಾನು ಕೇಳುತ್ತಿದ್ದ ಪ್ರಶ್ನೆಯ ಉತ್ತರ ಆ ಬಿರುಕು ಬಿಟ್ಟ ಚಪ್ಪಡಿಯಲ್ಲಿತ್ತು. ತುತ್ತು ತಿನ್ನಿಸಿದವಳಿಗೆ ಮುಂದೆ ಎಂಟು ಧೂಮಕೇತುಗಳನ್ನು ಕಂಡ ಕೀರ್ತಿಯಿದೆ. ಅವಳ ಹೆಸರಿಗೆ ನಾನು ಒಂದು ಅಂಕವನ್ನೂ ಇಟ್ಟಿರಲಿಲ್ಲ.

ಅಷ್ಟರಲ್ಲಿ ನಾಲ್ಕು ಗಂಟೆ. ಅರ್ಧಚಂದ್ರಾಕಾರದಲ್ಲಿ ಮೂವತ್ತು ಮನೆಗಳನ್ನು ಒಂದೇ ಅರಮನೆಯಂತೆ ಕಟ್ಟಿರುವ ರಾಯಲ್ ಕ್ರೆಸೆಂಟ್ ಬಾತ್ ನಗರದ ಅತ್ಯಂತ ಪ್ರಸಿದ್ಧ ದೃಶ್ಯ, ಎಲ್ಲ ಚಿತ್ರಗಳಲ್ಲಿಯೂ ಇರುವುದು ಅದೇ. ದಾರಿ ಏರು. ಶ್ರೀಮತಿ ನನ್ನ ಮುಖ ನೋಡಿದಳು, ನಾನು ಅವಳ ಮಂಡಿ ನೋಡಿದೆ. ಹೋಗಲಿಲ್ಲ. ನಿಲ್ದಾಣದ ಹತ್ತಿರ ಒಂದು ಅಂಗಡಿಯಲ್ಲಿ ಚಹಾ ಕುಡಿದು ರೈಲು ಹತ್ತಿದೆವು. ರಾತ್ರಿ ಅಳಿಯ, "ಏನು ಮಾವ, ಬಾತ್‌ಗೆ ಹೋಗಿ ಕ್ರೆಸೆಂಟ್ ನೋಡದೆ ಬಂದಿರಾ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡರು. ಮೈಸೂರಿಗೆ ಹೋಗಿ ಅರಮನೆ ನೋಡದವನನ್ನು ನೋಡುವಂತೆ ನೋಡಿದರು. ಸ್ವಲ್ಪ ವ್ಯಥೆ ನನಗೂ ಆಯಿತೆನ್ನಿ.

ಹಿಂದಿರುಗುವ ರೈಲಿನಲ್ಲಿಯೇ ಆ ಚಪ್ಪಾಳೆ ಏಕೆ ಚುಚ್ಚಿತೆಂಬುದು ತಿಳಿದದ್ದು.

1986ರ ಆ ಪ್ರವಾಸದಲ್ಲಿ ನಾವು ಹಳೇಬೀಡನ್ನು ಮುಟ್ಟುವಾಗ ಮಧ್ಯಾಹ್ನ ಮೂರೂವರೆ. ಬೇಲೂರಿನಲ್ಲಿ ಊಟಕ್ಕೆ ತಡವಾಗಿತ್ತು. ಸಂಜೆಯೊಳಗೆ ಶ್ರವಣಬೆಳಗೊಳ ಸೇರಬೇಕು, ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಸಬೇಕು. ಕೊರಳಿನಲ್ಲಿ ಸೀಟಿ ಹಾಕಿಕೊಂಡಿದ್ದೆ. ಹೊಯ್ಸಳೇಶ್ವರ ದೇವಾಲಯದ ಸುತ್ತ ಮಕ್ಕಳನ್ನು ಒಂದು ಪ್ರದಕ್ಷಿಣೆ ಹಾಕಿಸಿ, ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲು, ಹನ್ನೆರಡನೆಯ ಶತಮಾನ ಎಂದು ಹೇಳಿ ಸೀಟಿ ಊದಿದೆ. ಬಸ್ಸಿನಲ್ಲಿ ಎಣಿಸಿದರೆ ಒಬ್ಬ ಕಡಿಮೆ. ಓಡಿಬಂದು ನೋಡಿದರೆ ಹಿಂಬದಿಯ ಗೋಡೆಯ ಬಳಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ. ತಳದ ಸಾಲಿನ ಆನೆಗಳನ್ನು ಬೆರಳಿಟ್ಟು ಎಣಿಸುತ್ತಿದ್ದಾನೆ. ನಾನು ಕಿವಿ ಹಿಡಿದು ಎಬ್ಬಿಸಿದೆ. "ಮುನ್ನೂರ ಹನ್ನೆರಡು ಆಗಿತ್ತು ಸಾರ್. ಒಂದರ ಹಾಗೆ ಒಂದಿಲ್ಲ ಸಾರ್" ಎಂದ. "ಆನೆ ಎಣಿಸಲು ನಿನ್ನನ್ನು ಇಲ್ಲಿಗೆ ಕರೆತಂದದ್ದಲ್ಲ" ಎಂದು ಗದರಿಸಿ, ಬಸ್ಸಿನವರೆಗೂ ಕಿವಿ ಬಿಡದೆ ಕರೆತಂದೆ. ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಇನ್ನೇತಕ್ಕೆ ಕರೆತಂದಿದ್ದೆ? ಆ ಇಡೀ ಬಸ್ಸಿನಲ್ಲಿ ಹಳೇಬೀಡನ್ನು ನಿಜವಾಗಿ ನೋಡುತ್ತಿದ್ದವನು ಅವನೊಬ್ಬನೇ. ಅವನ ಗುರುಗಳೂ ನೋಡುತ್ತಿರಲಿಲ್ಲ, ಗಡಿಯಾರವನ್ನು ನೋಡುತ್ತಿದ್ದರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ಎಲ್ಲರಂತೆ ನನಗೂ ಹೆಮ್ಮೆಯಾಯಿತು. ಬಾತ್ ನಗರ ಆ ಪಟ್ಟಿಗೆ ಸೇರಿದ್ದು 1987ರಲ್ಲಿ. ಆದರೆ ಹೆಮ್ಮೆಯ ಹಿಂದೆಯೇ ಆ ಹುಡುಗನ ಕೆಂಪಾದ ಕಿವಿಯೂ ನೆನಪಾಯಿತು.

"ದೇಶ ಸುತ್ತು, ಕೋಶ ಓದು" ಎಂದು ನಾವೆಲ್ಲ ಕಪ್ಪುಹಲಗೆಯ ಮೇಲೆ ಬರೆದವರೇ. ಕೋಶವನ್ನು ಓದು ಎಂದರೆ ಪುಟ ತಿರುಗಿಸು ಎಂದು ಯಾರೂ ಅರ್ಥ ಮಾಡುವುದಿಲ್ಲ. ದೇಶ ಸುತ್ತು ಎಂಬುದಕ್ಕೆ ಮಾತ್ರ ಗಾಣದ ಎತ್ತಿನ ಅರ್ಥವನ್ನು ಏಕೆ ಹಚ್ಚಿಕೊಂಡೆವು? ಒಂಬತ್ತು ಸ್ಥಳ ತೋರಿಸಿದೆವೆಂದು ವರದಿಯಲ್ಲಿ ಬರೆಯುವುದಕ್ಕೆ ಚೆನ್ನ. ಮಗುವಿನ ಮನಸ್ಸಿನಲ್ಲಿ ಉಳಿಯುವುದು ಬಸ್ಸಿನ ವಾಂತಿ, ಹಾಡು, ಛತ್ರದ ಸೊಳ್ಳೆ. ಶಾಲೆಯ ಪ್ರವಾಸ ದಿನಕ್ಕೆ ಒಂದೇ ಊರಿನದಾಗಿರಬೇಕು ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಎದುರು ವಾದ ಹುರುಳಿಲ್ಲದ್ದೆಂದು ನಾನು ಹೇಳಲಾರೆ. ಮಗಳು ಮನೆ ಮಾಡಿರುವ ದೇಶದಲ್ಲಿ, ಪಿಂಚಣಿಯ ದುಡ್ಡಿನಲ್ಲಿ ಅರ್ಧ ಗಂಟೆ ಗುಳ್ಳೆ ನೋಡುತ್ತ ಕೂರುವುದು ಸುಲಭ. ಕ್ರೆಸೆಂಟ್ ಬಿಟ್ಟುಬಂದರೆ ಮುಂದಿನ ಬಾರಿ ನೋಡಬಹುದೆಂಬ ಧೈರ್ಯ ಎಲ್ಲೋ ಒಳಗಿತ್ತು. ಅಂದಿನ ನಮ್ಮ ಮಕ್ಕಳಿಗೆ ಆ ಧೈರ್ಯವಿರಲಿಲ್ಲ. ಅಡಿಕೆ ಸುಲಿದ ಕೂಲಿಯಲ್ಲಿ ಪ್ರವಾಸದ ಹಣ ಕಟ್ಟಿದ ಮನೆಗಳಿದ್ದವು. "ಈ ಮಕ್ಕಳು ಮತ್ತೆ ಮೈಸೂರು ನೋಡುತ್ತಾರೋ ಇಲ್ಲವೋ, ಎಲ್ಲ ತೋರಿಸಿಬಿಡೋಣ ಮೇಷ್ಟ್ರೇ" ಎಂದಿದ್ದರು ನನ್ನ ಸಹೋದ್ಯೋಗಿಯೊಬ್ಬರು. ಅದು ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಕೆಲವು ವರ್ಷಗಳ ಹಿಂದೆ ಮದುವೆಯೊಂದರಲ್ಲಿ ಸಿಕ್ಕಿದ ಅದೇ ತಂಡದ ವಿದ್ಯಾರ್ಥಿನಿಯೊಬ್ಬಳು, "ಆಗ ನೀವು ಕರೆದುಕೊಂಡು ಹೋಗದಿದ್ದರೆ ನಾನು ಅರಮನೆಯನ್ನೇ ನೋಡುತ್ತಿರಲಿಲ್ಲ ಸಾರ್, ಆಮೇಲೆ ಎಲ್ಲಿಗೂ ಹೋಗಲಾಗಲಿಲ್ಲ" ಎಂದು ಹೇಳಿದಳು. ಅರಮನೆಯಲ್ಲಿ ಏನು ನೋಡಿದೆ ಎಂದು ನಾನು ಕೇಳಿದೆ, ಮೇಷ್ಟ್ರ ಚಾಳಿ. ಸ್ವಲ್ಪ ಹೊತ್ತು ಯೋಚಿಸಿ, "ತುಂಬ ಜನ ಇದ್ದರು ಸಾರ್" ಎಂದಳು. ಅವಳ ಕೃತಜ್ಞತೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಜೀವಮಾನದಲ್ಲಿ ಒಂದೇ ಬಾರಿ ನೋಡುವ ಅರಮನೆಗೆ ಒಂದು ಪೂರ್ತಿ ದಿನ ಕೊಡಬೇಕಿತ್ತಲ್ಲವೇ? ಮತ್ತೆ ಬರಲಾರದವರಿಗೇ ನಿಧಾನ ಹೆಚ್ಚು ಅಗತ್ಯ.

ಶಿಷ್ಯನ ಪಟ್ಟಿಯಲ್ಲಿ ಏಳು ಹೆಸರುಗಳನ್ನು ಹೊಡೆದುಹಾಕಿ, ಹಳೇಬೀಡು ಒಂದು ದಿನ, ಮೈಸೂರಿನ ಅರಮನೆ ಒಂದು ದಿನ ಎಂದು ತಿದ್ದಿ ಕಳುಹಿಸಿದೆ. ಪಕ್ಕದಲ್ಲಿ, "ಮಕ್ಕಳಿಗೆ ಒಂದೊಂದು ನೋಟ್ ಪುಸ್ತಕ, ಪೆನ್ಸಿಲ್ ಕೊಡು. ಪ್ರಬಂಧ ಬರೆಸಬೇಡ. ಸೀಟಿ ಒಯ್ಯಬೇಡ" ಎಂದು ಬರೆದೆ. ಮರುದಿನವೇ ದೂರವಾಣಿ ಬಂತು. "ನಾನು ಒಪ್ಪುತ್ತೇನೆ ಸಾರ್, ಆದರೆ ಪೋಷಕರು ಒಪ್ಪುವುದಿಲ್ಲ. ಪಕ್ಕದ ಶಾಲೆಯವರು ಅದೇ ದುಡ್ಡಿಗೆ ಹನ್ನೊಂದು ಜಾಗ ತೋರಿಸುತ್ತಿದ್ದಾರೆ" ಎಂದ. ಮುಂದಿನ ಶನಿವಾರ ಪೋಷಕರ ಸಭೆಯಿದೆ, ನೀವೇ ಬಂದು ಹೇಳಿ ಎಂದು ಕರೆದಿದ್ದಾನೆ. ಹೋಗುತ್ತೇನೆ. ಬೆಳಿಗ್ಗೆ ಎಂಟೂವರೆಯ ಬಸ್ಸು, ಶ್ರೀಮತಿಯೂ ಬರುತ್ತಾಳಂತೆ.

ಆ 1986ರ ಬಸ್ಸಿನಲ್ಲಿ ಇದ್ದವರು ನಿಮ್ಮಲ್ಲಿ ಅನೇಕರಿದ್ದೀರಿ. ಶನಿವಾರದೊಳಗೆ ನನಗೆ ಎರಡು ಸಾಲು ಬರೆಯಿರಿ: ಆ ಮೂರು ದಿನಗಳಲ್ಲಿ ಕಂಡದ್ದು ಏನು ನೆನಪಿದೆ? ಪೋಷಕರ ಮುಂದೆ ಓದಿ ಹೇಳುತ್ತೇನೆ, ನನ್ನ ವಾದಕ್ಕೆ ವಿರುದ್ಧವಾಗಿದ್ದರೂ. ಆನೆ ಎಣಿಸಿದ ಹುಡುಗನ ವಿಳಾಸ ನನ್ನಲ್ಲಿಲ್ಲ. ಹತ್ತನೆಯ ತರಗತಿಯ ನಂತರ ಅವನು ಬೊಂಬಾಯಿಯ ಕಡೆ ಹೋದನೆಂದು ಕೇಳಿದ್ದೆ. ಯಾರಿಗಾದರೂ ಗೊತ್ತಿದ್ದರೆ, ಮೇಷ್ಟ್ರು ಕೇಳಿದರೆಂದು ತಿಳಿಸಿ.